ನಾಲ್ಕು ನಿಮಿಷ ಮುಂಚಿನ ಮಗ್ರಿಬ್

ಉಪವಾಸ ತಿಂಗಳ ಹದಿನೇಳನೆಯ ಸಂಜೆ ಸುಂಗೈ ನಿಪಾ ಎಂಬ ಊರಿಗೆ ಊರೇ ನಾಲ್ಕು ನಿಮಿಷ ಮುಂಚೆ ಖರ್ಜೂರ ಬಾಯಿಗೆ ಹಾಕಿಕೊಂಡಿತು.

ಹಾಕಿಕೊಂಡಿದ್ದಷ್ಟೇ ಆಗಿದ್ದರೆ ಉಗಿದುಬಿಡಬಹುದಿತ್ತು. ಅಗಿದು, ನುಂಗಿ, ಗುಲಾಬಿ ಶರಬತ್ತು ಕುಡಿದು, ಬೀಜವನ್ನು ತಟ್ಟೆಯಂಚಿಗಿಟ್ಟು, ಜನ ಎರಡನೆಯದಕ್ಕೆ ಕೈಚಾಚಿದ್ದರು. ಆಗ ಮನೆಮನೆಯ ಟೀವಿಯಲ್ಲಿ ಸೂರ್ಯಾಸ್ತದ ಪ್ರಾರ್ಥನೆಯಾದ ಮಗ್ರಿಬ್‌ನ ಆಜಾನ್ ಶುರುವಾಯಿತು. ಪಿನಾಂಗ್ ರಾಜ್ಯಕ್ಕೆಲ್ಲ ಸೂರ್ಯ ಆಗ ಮುಳುಗಿದ್ದ. ಸುಂಗೈ ನಿಪಾಕ್ಕೆ ಮಾತ್ರ ಅವನು ನಾಲ್ಕು ನಿಮಿಷ ಮುಂಚೆಯೇ ಹೋಗಿದ್ದ.

ಮಜ್ಲಾನನ ಹೆಂಡತಿ ಸಲ್ಬಿಯಾ ಗಂಜಿಯ ಸೌಟನ್ನು ಅರ್ಧದಲ್ಲೇ ಹಿಡಿದು ಟೀವಿಯ ಕಡೆ ನೋಡಿದಳು.

"ರೀ, ಇದೇನಿದು? ಇವರು ಈಗ ಕೂಗ್ತಿದಾರೆ!"

"ಟೀವಿ ತಡವಾಗಿದೆ" ಎಂದ ಮಜ್ಲಾನ್.

"ಹೌದು ಬಿಡಿ. ಇಡೀ ದೇಶದ ಟೀವಿ ತಡ, ನಿಮ್ಮ ಗಡಿಯಾರ ಒಂದು ಸರಿ."

ಅವಳು ಚುಚ್ಚಿದ್ದೇನೋ ನಿಜ, ಆದರೆ ಅವನು ತಮಾಷೆಗೆ ಹೇಳಿರಲಿಲ್ಲ. ಊರಿಗೆ ಆಜಾನ್ ಕೂಗುವ ಸುರಾವ್‌ನ ಗೋಡೆಯ ಮೇಲಿನ ಗಡಿಯಾರ ಅವನು ಕೈಯಾರೆ ಮಾಡಿದ್ದು. ಟೀವಿಯನ್ನು ಯಾರು ಮಾಡಿದರೋ ಅವನಿಗೆ ಗೊತ್ತಿರಲಿಲ್ಲ.

ಮಜ್ಲಾನ್ ಬೆಟ್ಟದಾಚೆಯ ಬಯಾನ್ ಲೆಪಾಸಿನ ಚಿಪ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಪರೀಕ್ಷಾ ವಿಭಾಗದ ತಂತ್ರಜ್ಞನಾಗಿದ್ದವನು. ಅಲ್ಲಿಂದ ನಿವೃತ್ತನಾಗಿ ಬರುವಾಗ ಅವರು ಕೊಟ್ಟ ಫಲಕವನ್ನು ಅಡುಗೆಮನೆಯ ಕಪಾಟಿನ ಹಿಂದೆ ಸೇರಿಸಿದ. ಗುಜರಿಗೆ ಹೊರಟಿದ್ದ ಹಳೆಯ ಕಂಪನ ಎಣಿಸುವ ಯಂತ್ರವೊಂದನ್ನು ಕೇಳಿ ಪಡೆದು ಊಟದ ಮೇಜಿನ ಮೇಲಿಟ್ಟ. ಸಲ್ಬಿಯಾ ಆರು ವರ್ಷದಿಂದ ಆ ಯಂತ್ರದ ಪಕ್ಕದಲ್ಲಿ ಅನ್ನ ಬಡಿಸುತ್ತಿದ್ದಾಳೆ.

ನಿವೃತ್ತನಾದ ವರ್ಷವೇ ಅವನು ಊರ ಪ್ರಾರ್ಥನೆಯ ಮನೆಗೆ, ಅಂದರೆ ಸುರಾವಿಗೆ, ಗಡಿಯಾರ ಮಾಡಿಕೊಟ್ಟ. ಬಾಗಿಲಗಲದ ಕಪ್ಪು ಪೆಟ್ಟಿಗೆ. ಮೇಲೆ ಈಗಿನ ಹೊತ್ತು, ಕೆಳಗೆ ಐದು ಪ್ರಾರ್ಥನೆಯ ಹೊತ್ತುಗಳು, ಎಲ್ಲವೂ ಕೆಂಪು ಅಂಕಿಗಳಲ್ಲಿ. ಒಳಗಿದ್ದದ್ದು ಉಗುರಿನಷ್ಟು ಗಾತ್ರದ ಒಂದು ಮೈಕ್ರೋಕಂಟ್ರೋಲರ್ ಚಿಪ್, ಅದರ ಪಕ್ಕಕ್ಕೆ ಅಕ್ಕಿಕಾಳಿನಂಥ ತಗಡಿನ ಕೊಳವೆಯಲ್ಲಿ ಒಂದು ಹರಳು. ಚಿಪ್ಪಿಗೆ ತಾನಾಗಿ ಹೊತ್ತು ಗೊತ್ತಿಲ್ಲ. ಯಾರಾದರೂ ತಾಳ ಹಾಕಿದರೆ ಅದು ಎಣಿಸುತ್ತದೆ, ಅಷ್ಟೆ. ತಾಳ ಹಾಕುವುದು ಹರಳಿನ ಕೆಲಸ.

ಊರಿನ ಬಿಲಾಲ್, ಅಂದರೆ ಆಜಾನ್ ಕೂಗುವವರು, ತೊಕ್ ಇದ್ರುಸ್. ತೊಕ್ ಅಂದರೆ ಅಜ್ಜ. ಆಗಲೇ ಎಪ್ಪತ್ತರ ಹತ್ತಿರವಿದ್ದವರು. ಮಜ್ಲಾನನಿಗೆ ಅಲಿಫ್ ಬಾ ತಾ ಕಲಿಸಿದವರೂ ಅವರೇ, ಬೆತ್ತದಲ್ಲಿ. ಪೆಟ್ಟಿಗೆ ಗೋಡೆಗೇರಿದ ದಿನ ಅವರು ಅದರ ಮುಂದೆ ಕಾಲು ಮಡಚಿ ಕೂತು, ಹುಡುಗರು ಉಸ್ತಾದರ ಮುಂದೆ ಕೂರುವ ಹಾಗೆ, ಪಾಠ ಹೇಳಿಸಿಕೊಂಡಿದ್ದರು.

"ಎಷ್ಟು ಸಲ ಹೊಡ್ಕೊಳ್ಳುತ್ತೆ ಅಂದೆ?"

"ಸೆಕೆಂಡಿಗೆ ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟು ಸಲ, ತೊಕ್."

"ಅದೇನು ಅಡ್ಡಾದಿಡ್ಡಿ ಲೆಕ್ಕವೋ? ಮೂವತ್ತು ಸಾವಿರ ಅಂತ ಇಟ್ಕೊಳ್ಳೋಕೆ ಏನಾಗಿತ್ತು ಅದಕ್ಕೆ?"

"ಅದನ್ನ ಅರ್ಧ ಮಾಡಿ. ಅದರಲ್ಲಿ ಅರ್ಧ. ಮತ್ತೆ ಅರ್ಧ. ಹದಿನೈದು ಸಲ ಅರ್ಧ ಮಾಡಿದ್ರೆ ಸರಿಯಾಗಿ ಒಂದು ಉಳಿಯತ್ತೆ. ಅದೇ ಒಂದು ಸೆಕೆಂಡು."

ತೊಕ್ ಬೆರಳು ಮಡಚುತ್ತ ಸ್ವಲ್ಪ ದೂರ ಹೋಗಿ ಕೈಬಿಟ್ಟರು. "ಕೊನೆಗೆ ಒಂದು ಉಳಿಯುತ್ತೆ" ಎಂದರು. "ಹಾಗಿದ್ರೆ ಸರಿ. ಅಷ್ಟು ಅರ್ಥ ಆದ್ರೆ ನನಗೆ ಸಾಕು."

ಅಲ್ಲಿಯವರೆಗೆ ಅವರ ಪದ್ಧತಿ ಬೇರೆಯಿತ್ತು. ಸುರಾವ್‌ನ ಪಡುವಣ ಕಿಟಕಿಗೆ ನೇರ ಸಮುದ್ರ. ಸಂಜೆ ಅವರು ಕಿಟಕಿಯ ಹಲಗೆಯ ಮೇಲೆ ಮೊಣಕೈಯೂರಿ ನಿಂತು, ಸೂರ್ಯನ ಅಂಚು ನೀರಿಗೆ ತಾಗಿ, ಅರ್ಧವಾಗಿ, ಉಗುರಿನಷ್ಟಾಗಿ, ಇಲ್ಲವಾಗುವುದನ್ನು ನೋಡುತ್ತಿದ್ದರು. ಆಮೇಲೆ ತಿರುಗಿ ಮೈಕಿನ ಮುಂದೆ ನಿಲ್ಲುತ್ತಿದ್ದರು. ಮೋಡದ ದಿನ ರೇಡಿಯೊ. ಹೀಗೆ ನಲವತ್ತೊಂದು ವರ್ಷ. ಗಡಿಯಾರ ಬಂದ ಮೇಲೆ ಅವರು ಕಿಟಕಿಗೆ ಬೆನ್ನು ಹಾಕಿ ನಿಲ್ಲತೊಡಗಿದರು. ಕೆಂಪು ಅಂಕಿಗಳಿದ್ದದ್ದು ಎದುರು ಗೋಡೆಯ ಮೇಲೆ.

ಶುಕ್ರವಾರಕ್ಕೊಮ್ಮೆ ಮಾತ್ರ, ರೇಡಿಯೊದಲ್ಲಿ ಹನ್ನೆರಡು ಗಂಟೆಯ ಪೀಪಿ ಕೇಳಿಸುವಾಗ, ಅವರು ಪೆಟ್ಟಿಗೆಯ ಅಡಿಯ ಗುಂಡಿಯೊತ್ತಿ ಸೆಕೆಂಡುಗಳನ್ನು ಹೊಂದಿಸುತ್ತಿದ್ದರು. ವಾರಕ್ಕೆ ಒಂದೆರಡು ಸೆಕೆಂಡು ಕೂಡ ಹೆಚ್ಚುಕಮ್ಮಿಯಾಗುತ್ತಿರಲಿಲ್ಲ. ಆದರೂ ಒತ್ತುತ್ತಿದ್ದರು. ಆ ಒಂದು ಕೆಲಸ ತಮ್ಮದೆಂಬಂತೆ.

ಹದಿನೇಳನೆಯ ಉಪವಾಸ ಶುಕ್ರವಾರ ಬಿದ್ದಿತ್ತು.

ಅಪರಾಧ ಹುಡುಕುವುದಕ್ಕೆ ಊರಿಗೆ ಇಷ್ಟು ಸಾಕು. ಶುಕ್ರವಾರ ಮಧ್ಯಾಹ್ನ ಗುಂಡಿ ಒತ್ತಿದವರು ಯಾರು? ತೊಕ್. ತೊಕ್‌ಗೆ ಎರಡೂ ಕಣ್ಣಿಗೆ ಪೊರೆ ಬಂದಿರುವುದು ಯಾರಿಗೆ ಗೊತ್ತಿಲ್ಲ? ಎಲ್ಲರಿಗೂ ಗೊತ್ತಿದೆ. ಅಂದಮೇಲೆ ಇನ್ನೇನು.

ಸಂಜೆಯ ಗದ್ದಲದಲ್ಲೇ ಸುರಾವ್ ಸಮಿತಿಯ ಅಧ್ಯಕ್ಷ ಹಾಜಿ ಬಹ್ರೋಮ್ ಗಡಿಯಾರವನ್ನು ನಾಲ್ಕು ನಿಮಿಷ ಹಿಂದಕ್ಕೆ ತಂದಿದ್ದ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮೊಹರು ಹೊಡೆದವನು. ಏನು ಹೇಳಿದರೂ ಮೊಹರು ಬಿದ್ದ ಸದ್ದು ಬರುತ್ತಿತ್ತು. ಶನಿವಾರ ಬೆಳಗಿನಿಂದ ಮಳೆ ಹಿಡಿಯಿತು. ಗಡಿಯಾರ ರೇಡಿಯೊದ ಜೊತೆ ಕೈಹಿಡಿದುಕೊಂಡಂತೆ ನಡೆಯಿತು. ಸಂಜೆ ಅಸರ್ ಪ್ರಾರ್ಥನೆ ಮುಗಿಸಿ ಜಗಲಿಯಲ್ಲಿ ಎಂಟು ಹತ್ತು ಜನ ಕೂತರು. ತೊಕ್ ಇದ್ರುಸ್ ಕಂಬಕ್ಕೊರಗಿ, ಮೊಣಕಾಲುಗಳನ್ನು ನೋಡುತ್ತ ಕೂತಿದ್ದರು.

"ಯಾರ ಮೇಲೂ ದೂರು ಹೇಳೋಕೆ ಸೇರಿಲ್ಲ ನಾವು" ಎಂದು ಹಾಜಿ ಬಹ್ರೋಮ್ ದೂರಿಗೆ ಪೀಠಿಕೆ ಹಾಕಿದ. "ಒಂದು ದಿನದ ಉಪವಾಸ ಹೋಯ್ತು, ಎಲ್ಲರೂ ಇನ್ನೊಂದು ದಿನ ಹಿಡಿದು ತೀರಿಸ್ಬೇಕು. ನನ್ನ ಹೆಂಡತಿ ಲೆಕ್ಕದಲ್ಲಿ ಅದು ನನ್ನ ತಪ್ಪು, ಇರಲಿ. ಲಾನ್, ನೀನೇ ಹೇಳಪ್ಪ. ಗಡಿಯಾರ ತಪ್ಪಬಹುದಾ?"

ಎಲ್ಲರೂ ತಿರುಗಿ ನೋಡಿದರು. ಮಜ್ಲಾನನಿಗೆ ಪಿತ್ತ ನೆತ್ತಿಗೇರಿತು. ಕಾರ್ಖಾನೆಯಲ್ಲಿ ಮಾಲು ವಾಪಸು ಬಂದಾಗಲೆಲ್ಲ ಮ್ಯಾನೇಜರು ಇದೇ ಧಾಟಿಯಲ್ಲಿ ಕೇಳುತ್ತಿದ್ದ.

"ಹಾಜಿ, ಅದು ಕ್ರಿಸ್ಟಲ್. ತಪ್ಪೋದು ಮನುಷ್ಯರ ಕೆಲಸ."

ಜಗಲಿ ನಕ್ಕಿತು. ನಗು ತೊಕ್ ಕೂತಿದ್ದ ಕಂಬದವರೆಗೆ ಹೋಗಿ ನಿಂತಿತು. ಮಜ್ಲಾನನಿಗೂ ಅದು ಕಂಡಿತು. ಸರಿಪಡಿಸಬೇಕೆನಿಸಿತು.

"ಗುಂಡಿ ಒತ್ತುವಾಗ ಬೆರಳು ಜಾರಿರಬಹುದು ಅಷ್ಟೆ. ಕಣ್ಣು ಮಂಜಾಗಿದೆ, ಪಾಪ. ಈ ವಯಸ್ಸಿಗೆ ಯಾರಿಗಾದ್ರೂ ಆಗುತ್ತೆ."

ಆ ಮೊದಲನೆಯ ಮಾತನ್ನು ತೊಕ್ ತಡೆದುಕೊಂಡಿದ್ದರೇನೋ. ಎರಡನೆಯದು ಕರುಣೆಯದು, ಅದಕ್ಕೆ ಎದುರು ಹೇಳುವ ದಾರಿ ಇರಲಿಲ್ಲ.

"ಹೌದು" ಎಂದರು ತೊಕ್. "ಜಾರಿರಬಹುದು."

"ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ತೊಕ್" ಎಂದ ಹಾಜಿ ಬಹ್ರೋಮ್. "ನಮ್ಮ ಅಜ್ಹಾರ್ ಇದಾನೆ. ಗಂಟಲು ಚೆನ್ನಾಗಿದೆ."

ಅಜ್ಹಾರ್ ಹಾಜಿಯ ಅಳಿಯ. ಅಂದು ಸಂಜೆಯಿಂದ ಅವನು ಕೂಗಿದ. ಗಂಟಲು ನಿಜಕ್ಕೂ ಚೆನ್ನಾಗಿತ್ತು. ಯಾರೂ ಇನ್ನೊಮ್ಮೆ ಮುಟ್ಟದಿರಲೆಂದು ಗಡಿಯಾರದ ಗುಂಡಿಯ ಮೇಲೆ ಅವನು ಟೇಪು ಅಂಟಿಸಿದ. ಮಳೆ ಒಂಬತ್ತು ದಿನ ಹೊಯ್ಯಿತು. ಒಂಬತ್ತು ದಿನವೂ ಗಡಿಯಾರ ಒಂದು ಸೆಕೆಂಡು ಆಚೀಚೆಯಾಗಲಿಲ್ಲ. ದಿನ ಕಳೆದಂತೆ ತೊಕ್ ಇದ್ರುಸರ ತಪ್ಪು ಗಟ್ಟಿಯಾಗುತ್ತ ಹೋಯಿತು. ತೊಕ್ ಮೊದಲು ಹಿಂದಿನ ಸಾಲಿನಲ್ಲಿ ನಿಂತು ನಮಾಜು ಮಾಡುತ್ತಿದ್ದರು. ಆಮೇಲೆ ಮಳೆಯೆಂದು ಮನೆಯಲ್ಲೇ ಉಳಿದರು.

ಹತ್ತನೆಯ ದಿನ ಬಿಸಿಲು ಬಂತು. ಒಂಬತ್ತು ದಿನದ ಬಾಕಿಯನ್ನೂ ಸೇರಿಸಿಕೊಂಡು ಬಂತು. ಸುರಾವ್‌ನ ತಗಡಿನ ಮಾಡು ಕಾದು ಟಿಕ್ ಟಿಕ್ ಎಂದಿತು. ಮಧ್ಯಾಹ್ನ ಎರಡು ಗಂಟೆಗೆ ಅಜ್ಹಾರ್ ಫೋನು ಮಾಡಿದ.

"ಪಾಕ್ ಲಾನ್, ಗಡಿಯಾರ ಓಡ್ತಾ ಇದೆ. ನನ್ನ ವಾಚಿಗಿಂತ ಎರಡು ನಿಮಿಷ ಮುಂದಿದೆ."

"ಯಾರೋ ಗುಂಡಿ ಮುಟ್ಟಿರ್ತಾರೆ."

"ಟೇಪು ಹಾಗೇ ಇದೆ."

ಮಜ್ಲಾನ್ "ನಿನ್ನ ವಾಚು ಯಾವುದು?" ಎಂದು ಕೇಳಿ, ಕೇಳಿದ್ದಕ್ಕೆ ತಾನೇ ನಾಚಿ, ಸ್ಕ್ರೂಡ್ರೈವರ್ ಹುಡುಕಿಕೊಂಡು ಎದ್ದ.

ಪೆಟ್ಟಿಗೆಯನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಬಿಚ್ಚಿದ. ಹರಳಿನ ಮಿಡಿತವನ್ನು ಹೊರಗೆ ತೋರಿಸಲೆಂದೇ ಅವನು ಚಿಪ್ಪಿನ ಒಂದು ಪಿನ್ನನ್ನು ಮೀಸಲಿಟ್ಟಿದ್ದ. ಅಲ್ಲಿಗೆ ಎಣಿಸುವ ಯಂತ್ರದ ತಂತಿ ಸಿಕ್ಕಿಸಿದ. 32,768. ಫ್ಯಾನಿನ ಗಾಳಿಯಲ್ಲಿ, ನೆರಳಿನಲ್ಲಿ, ಒಂದು ಗಂಟೆ ನೋಡಿದರೂ 32,768. ಅಂಕಿ ಕದಲಲಿಲ್ಲ. ಮಜ್ಲಾನನಿಗೆ ನೆಮ್ಮದಿಯೂ ಆಯಿತು. ಸುರಾವ್‌ನ ಕರೆಂಟಿನಲ್ಲೇ ಏನೋ ದೋಷ, ತನ್ನದಲ್ಲ, ಎಂದುಕೊಂಡ.

ಹಬ್ಬಕ್ಕೆ ನಾಲ್ಕು ದಿನವಿತ್ತು. ಸಲ್ಬಿಯಾ ಹಬ್ಬದ ಬಿಸ್ಕತ್ತು ಸುಡುತ್ತಿದ್ದಳು. ಅನಾನಸು ತುಂಬಿದ ಪುಟ್ಟ ಬಿಸ್ಕತ್ತುಗಳ ತಟ್ಟೆ ಓವನ್ನಿನಿಂದ ಬಂದು ಬಂದು ಮೇಜಿನಲ್ಲಿ ಜಾಗ ಕೇಳುತ್ತಿತ್ತು.

"ಇದನ್ನ ಸರಿಸ್ತೀರೋ, ನಾನೇ ಸರಿಸಲೋ?"

"ಮುಟ್ಟಬೇಡ."

"ಹಾಗಿದ್ರೆ ತಟ್ಟೆ ನಿಮ್ಮ ತಲೆ ಮೇಲಿಡ್ಲಾ?" ಎನ್ನುತ್ತ ಅವಳು ಉರಿಯುವ ತಟ್ಟೆಯನ್ನು ಬಿಚ್ಚಿದ ಪೆಟ್ಟಿಗೆಗೆ ಒತ್ತಿಯೇ ಇಟ್ಟಳು.

ಮಜ್ಲಾನ್ ಒಂದು ಬಿಸ್ಕತ್ತಿನ ವಾಸನೆ ನೋಡಿದ. ಉಪವಾಸದಲ್ಲಿ ಅಷ್ಟೇ ಸಾಧ್ಯವಿದ್ದದ್ದು. ತಲೆಯೆತ್ತುವಷ್ಟರಲ್ಲಿ ಯಂತ್ರದ ಅಂಕಿ ಹೋಗಿತ್ತು. ಸೊನ್ನೆ. ತಂತಿ ಜಾರಿತೇ ಎಂದು ನೋಡಿದ. ಜಾರಿರಲಿಲ್ಲ. ಹರಳು ನಿಂತಿತ್ತು. ಆದರೆ ಗಡಿಯಾರದ ಕೆಂಪು ಅಂಕಿಗಳು ಏನೂ ಆಗಿಲ್ಲವೆಂಬಂತೆ ನಡೆಯುತ್ತಿದ್ದವು. ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು.

ಅವನು ಬಿಸ್ಕತ್ತನ್ನು ತಟ್ಟೆಗೆ ಹಾಕಿ ಪೆಟ್ಟಿಗೆಯ ಮೇಲೆ ಬಾಗಿದ.

"ಏನು, ನಿಂತುಹೋಯ್ತಾ?" ಎಂದಳು ಸಲ್ಬಿಯಾ, ಈಗ ಸ್ವಲ್ಪ ಹೆದರಿ.

"ನಿಂತಿಲ್ಲ. ನಿಂತಿದ್ರೆ ಚೆನ್ನಾಗಿತ್ತು."

ಚಿಪ್ಪಿನ ಹೊಟ್ಟೆಯಲ್ಲಿ ಇನ್ನೊಂದು ತಾಳ ಇರುತ್ತದೆ. ಕಾರ್ಖಾನೆಯಲ್ಲೇ ಹಾಕಿ ಕಳಿಸಿದ್ದು, ಆಪತ್ತಿಗೆಂದು. ಬಟ್ಟೆ ಒಗೆಯುವ ಯಂತ್ರಕ್ಕೆ, ಆಟಿಕೆಗೆ ಅದು ಧಾರಾಳ ಸಾಕು. ಬಿಸಿಯಾದರೆ ಓಡುತ್ತದೆ, ತಣ್ಣಗಾದರೆ ಕುಂಟುತ್ತದೆ. ನೂರಕ್ಕೆ ಒಂದು ಹೆಜ್ಜೆ ಹೆಚ್ಚು ಹಾಕಿದರೂ ಅದಕ್ಕೆ ಲಜ್ಜೆಯಿಲ್ಲ. ಹರಳು ನಿಂತರೆ ಗಡಿಯಾರ ನಿಲ್ಲದೆ ಈ ಒಳತಾಳಕ್ಕೆ ಹಾರಿಕೊಳ್ಳಬೇಕು, ಹರಳು ಮತ್ತೆ ಮಿಡಿದರೆ ಮರಳಬೇಕು ಎಂದು ಪ್ರೋಗ್ರಾಮು ಬರೆದವನು ಮಜ್ಲಾನನೇ. ತನ್ನ ಗಡಿಯಾರ ಒಂದು ಸಲವೂ ನಿಂತಿತೆಂದು ಯಾರೂ ಹೇಳಬಾರದಿತ್ತು. ಯಾರೂ ಹೇಳಲೂ ಇಲ್ಲ.

ಶುಕ್ರವಾರ ಹನ್ನೆರಡು ಗಂಟೆಗೆ ತೊಕ್ ಪೀಪಿಗೆ ಸರಿಯಾಗಿ ಗುಂಡಿ ಒತ್ತಿದ್ದರು. ಅದಾದ ಮೇಲೆ ಮಾಡು ಕಾದು ಹರಳು ನಿಂತಿತು. ಏಳು ಗಂಟೆಗಳ ಕಾಲ ಗಡಿಯಾರ ನೂರಕ್ಕೆ ಒಂದು ಹೆಜ್ಜೆ ಹೆಚ್ಚು ಹಾಕಿತು. ಏಳು ಗಂಟೆಗೆ ನಾಲ್ಕು ನಿಮಿಷ. ಸಂಜೆ ತಂಪಾಗಿ ಹರಳು ಮತ್ತೆ ಮಿಡಿಯಿತು, ಮಳೆ ಬಂತು, ಎಲ್ಲ ಸರಿಯಾಯಿತು. ಪೆಟ್ಟಿಗೆ ಸತ್ತು ಕಪ್ಪಾಗಿದ್ದಿದ್ದರೆ ತೊಕ್ ಬೈದುಕೊಂಡು ಕಿಟಕಿಯ ಕಡೆ ತಿರುಗುತ್ತಿದ್ದರು.

ಹರಳನ್ನು ಬಿಡಿಸಿ, ಕೊಳವೆಯನ್ನು ಇಕ್ಕಳದಲ್ಲಿ ಹಿಸುಕಿ ತೆರೆದು, ಭೂತಗನ್ನಡಿಯಲ್ಲಿ ನೋಡಿದ. ಒಳಗೆ ಎರಡು ಕಾಲಿನ ಪುಟ್ಟ ಕವೆ, ಕಣ್ಣೆವೆಗಿಂತ ಸ್ವಲ್ಪ ದೊಡ್ಡದು. ಬುಡದಲ್ಲಿ ಕೂದಲೆಳೆಯಂಥ ಬಿರುಕು.

ಬಿರುಕು ಎಲ್ಲಿಂದ ಬಂತೆಂದು ಅವನು ಹುಡುಕಬೇಕಾಗಲಿಲ್ಲ. ಉಪವಾಸ ತಿಂಗಳು ಶುರುವಾಗುವ ಹಿಂದಿನ ವಾರ ಗಡಿಯಾರದೊಳಗೆ ಹಲ್ಲಿಯೊಂದು ಸತ್ತಿತ್ತು. ಉಪ್ಪುಗಾಳಿಗೆ ಬೋರ್ಡಿನ ಮೇಲೆ ಹಸಿರು ಹಿಡಿದಿತ್ತು. ತಿಂಗಳಿಗೆ ಶುಚಿಯಾಗಿರಲೆಂದು ಅವನು ಬೋರ್ಡನ್ನು ಕಳಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಮೋಟಾರ್‌ಸೈಕಲ್ಲಿನ ಹಿಂದೆ ತೊಕ್‌ರನ್ನು ಕೂರಿಸಿಕೊಂಡು, ಬಾಲಿಕ್ ಪುಲಾವ್ ಪೇಟೆಗೆ ಹೋಗಿದ್ದ. ತೊಕ್‌ರ ಕನ್ನಡಕ ಸಡಿಲವಾಗಿತ್ತು. ಕನ್ನಡಕದಂಗಡಿಯ ಯಜಮಾನ ಖೂ ತೌಕೆ ಅದನ್ನು ಬಿಗಿ ಮಾಡಿ, ಮೇಜಿನ ಮೇಲಿದ್ದ ಸ್ಟೀಲಿನ ಪುಟ್ಟ ತೊಟ್ಟಿಗೆ ಹಾಕಿದ್ದ. ಕಿವಿಗೆ ಕೇಳದ ಸದ್ದಿನಲ್ಲಿ ನೀರನ್ನು ನಡುಗಿಸಿ ಕೊಳೆ ಬಿಡಿಸುವ ತೊಟ್ಟಿ. ತೌಕೆ ತನ್ನ ಹಲ್ಲಿನ ಸೆಟ್ಟನ್ನೂ ಅದರಲ್ಲೇ ತೊಳೆಯುತ್ತಾನೆಂದು ಪೇಟೆಯಲ್ಲಿ ಗುಮಾನಿಯಿತ್ತು.

"ಅದೇನು ಜೇಬಲ್ಲಿ, ಲಾನ್? ಕೊಡು ಇಲ್ಲಿ, ಜೊತೆಗೇ ತೊಳೆದುಬಿಡೋಣ. ಐದು ನಿಮಿಷ. ಹೊಸ ಮದುಮಗಳ ಥರ ಆಗುತ್ತೆ."

ಅವನು ಕೊಟ್ಟಿದ್ದ. ಕಾರ್ಖಾನೆಯಲ್ಲಿ ಅದೇ ಜಾತಿಯ ತೊಟ್ಟಿ ಬಚ್ಚಲಿನಷ್ಟು ದೊಡ್ಡದಿತ್ತು. ಅದರ ಮೇಲೆ ಕೆಂಪಕ್ಷರದ ಚೀಟಿಯಿತ್ತು: ಹರಳಿರುವ ಬೋರ್ಡನ್ನು ಹಾಕಬಾರದು. ನೀರಿನ ನಡುಕ ಹರಳಿನ ಮಿಡಿತಕ್ಕೆ ಹತ್ತಿರದ್ದು. ಕವೆ ತನ್ನ ಮಿತಿ ಮೀರಿ ಕುಣಿದು ಬಿರುಕು ಬಿಡುತ್ತದೆ, ಆ ಬಿರುಕು ವಾರಗಳಲ್ಲಿ ನಿಧಾನಕ್ಕೆ ಬೆಳೆಯುತ್ತದೆ. ಮೂರು ಸಲ ಇಡೀ ದಿನದ ಮಾಲು ಹಾಳಾದ ಮೇಲೆ ಆ ಚೀಟಿಯನ್ನು ಬರೆದು ಅಂಟಿಸಿದವನು ಮಜ್ಲಾನ್. ಚೀಟಿ ಕಾರ್ಖಾನೆಯಲ್ಲಿತ್ತು. ಕನ್ನಡಕದಂಗಡಿಯಲ್ಲಿ ಚೀಟಿ ಇರಲಿಲ್ಲ, ಅವನ ತಲೆಯೂ ಇರಲಿಲ್ಲ. ತೊಳೆದ ಬೋರ್ಡು ಫಳಫಳಿಸಿದ್ದು ನೋಡಿ ತೊಕ್, "ನನ್ನ ಕನ್ನಡಕಕ್ಕಿಂತ ಚೆನ್ನಾಗಾಯ್ತು ಕಣೋ" ಎಂದಿದ್ದರು.

ಸಲ್ಬಿಯಾ ಎಲ್ಲವನ್ನೂ ಕೇಳಿ, ಕೈಯ ಹಿಟ್ಟನ್ನು ನಿಧಾನಕ್ಕೆ ಒರೆಸಿಕೊಂಡಳು.

"ಹೋಗಿ ಹೇಳಿ."

"ಹಬ್ಬ ಮುಗೀಲಿ. ಹಬ್ಬದ ದಿನ ಹೇಗೂ ತೊಕ್ ಹತ್ರ ಹೋಗ್ತೀನಲ್ಲ."

ಹಬ್ಬದ ಬೆಳಿಗ್ಗೆ ಊರೆಲ್ಲ ಹಿರಿಯರ ಕೈಗೆ ಮುತ್ತಿಟ್ಟು, ಕಂಡದ್ದು ಕಾಣದ್ದು ಎಲ್ಲ ತಪ್ಪಿಗೂ ಒಟ್ಟಿಗೆ ಕ್ಷಮೆ ಕೇಳುತ್ತದೆ. ಯಾವ ತಪ್ಪೆಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಬಹಳ ಅನುಕೂಲದ ಪದ್ಧತಿ.

"ಹೌದು, ಹೋಗ್ತೀರಿ" ಎಂದಳು ಸಲ್ಬಿಯಾ. "ಕೈಗೆ ಮುತ್ತಿಡ್ತೀರಿ. ಆ ಮುದುಕರು ನಿಮ್ಮನ್ನ ಕ್ಷಮಿಸ್ತಾರೆ, ಏನಕ್ಕೆ ಅಂತ ತಿಳೀದೆ. ಆಮೇಲೆ ನೀವು ಬಂದು ನನ್ನ ಬಿಸ್ಕತ್ತು ತಿಂತೀರಿ. ಹಾಗೆ ಮಾಡೋದಾದ್ರೆ ಈಗಲೇ ಹೇಳಿ, ಇಷ್ಟು ಸುಡೋದಿಲ್ಲ ನಾನು."

ಅಂದು ಸಂಜೆಯೇ, ಜನ ಉಪವಾಸ ಬಿಡಲು ಸುರಾವ್‌ನ ಜಗಲಿಯಲ್ಲಿ ಸಾಲಾಗಿ ಕೂತಿರುವಾಗ, ಮಜ್ಲಾನ್ ಎದ್ದುನಿಂತು ಹೇಳಿದ. ಹಲ್ಲಿಯಿಂದ ಶುರುಮಾಡಿ ಬಿರುಕಿನವರೆಗೆ. ತೊಕ್ ಗುಂಡಿ ಸರಿಯಾಗೇ ಒತ್ತಿದ್ದರು, ತಪ್ಪು ನನ್ನದು, ಅಂದು ಇಲ್ಲೇ ಕೂತು ನಾನಾಡಿದ್ದು ಸುಳ್ಳು ಎಂದ.

"ಒಟ್ಟಿನಲ್ಲಿ" ಎಂದು ಹಾಜಿ ಬಹ್ರೋಮ್ ಮೊಹರು ಹೊಡೆದ, "ಕನ್ನಡಕದಂಗಡಿಯವನ ತಪ್ಪು."

ಎಲ್ಲರೂ ಗೊಳ್ಳೆಂದು ನಕ್ಕರು. ಹಸಿದವರ ನಗು, ಬೇಗ ಬರುತ್ತದೆ. ಯಾರೋ ಮಜ್ಲಾನನ ಬೆನ್ನು ತಟ್ಟಿದರು. ಹಬ್ಬದ ಮುಂಜಾನೆ ದೇವರನ್ನು ಕೊಂಡಾಡುವ ತಕ್ಬೀರ್ ತೊಕ್ ಇದ್ರುಸರೇ ಹೇಳಲಿ, ಲಾನ್ ಹೋಗಿ ಕರೆದುಕೊಂಡು ಬರಲಿ ಎಂದು ತೀರ್ಮಾನವಾಯಿತು. ಇಷ್ಟು ಸುಲಭವಿತ್ತೆಂದು ಗೊತ್ತಿದ್ದರೆ ಮಧ್ಯಾಹ್ನವೇ ಹೇಳಬಹುದಿತ್ತು ಎಂದುಕೊಂಡ ಮಜ್ಲಾನ್.

ತೊಕ್ ಮಗಳ ಸಂಸಾರದ ಜೊತೆ ಸಮುದ್ರದಂಚಿನ ಮನೆಯಲ್ಲಿದ್ದರು. ಮರುದಿನ ಬೆಳಿಗ್ಗೆ ಅವನು ಹೋದಾಗ ಮೆಟ್ಟಿಲ ಮೇಲೆ ಕೂತು ಮೊಮ್ಮಗಳ ಹರಿದ ಚಪ್ಪಲಿಗೆ ದಾರ ಹಾಕುತ್ತಿದ್ದರು. ಸೂಜಿ ಚಪ್ಪಲಿಗಿಂತ ಹೆಚ್ಚಾಗಿ ಬೆರಳಿಗೇ ಹೋಗುತ್ತಿತ್ತು. ಮಜ್ಲಾನ್ ಕೆಳಗಿನ ಮೆಟ್ಟಿಲಲ್ಲಿ ಕೂತು, ಅವರ ಕೈ ಹಿಡಿದುಕೊಂಡು, ಎಲ್ಲವನ್ನೂ ಮತ್ತೊಮ್ಮೆ ಹೇಳಿದ.

ತೊಕ್ ಕೇಳಿಸಿಕೊಂಡರು. "ಅಷ್ಟು ಸಣ್ಣದಾ ಅದು? ಕಣ್ಣೆವೆಯಷ್ಟು?" ಎಂದರು. ಆಮೇಲೆ, "ಪಾಪ" ಎಂದರು, ಹರಳಿಗೆ.

"ನಿಮ್ಮ ತಪ್ಪು ಏನೂ ಇರಲಿಲ್ಲ ತೊಕ್. ಎಲ್ಲರಿಗೂ ಹೇಳಿದೀನಿ. ಹಬ್ಬಕ್ಕೆ ನೀವೇ ಕೂಗ್ಬೇಕಂತೆ. ಹಾಜಿನೇ ಹೇಳಿ ಕಳಿಸಿದ."

"ಬೆರಳು ಜಾರಿರಲಿಲ್ಲ ಅಂತ ನನಗೆ ಗೊತ್ತಿತ್ತು ಕಣೋ."

ಮಜ್ಲಾನ್ ತಲೆಯೆತ್ತಿದ. "ಮತ್ತೆ ಅವತ್ತು ಯಾಕೆ ಹೌದು ಅಂದ್ರಿ?"

ತೊಕ್ ಚಪ್ಪಲಿಯನ್ನು ಕೆಳಗಿಟ್ಟರು.

"ಆ ಸಂಜೆ ಮೈಕಿನ ಹತ್ರ ಹೋಗುವಾಗ ಕಿಟಕಿ ಕಡೆ ತಿರುಗಿದೆ. ಯಾಕೆ ಅಂತ ಕೇಳ್ಬೇಡ, ಹಳೇ ಚಾಳಿ. ಬೆಳಕು ನೆಲದ ಮೇಲೆ ಇನ್ನೂ ಬಿದ್ದಿತ್ತು. ಕೆಂಪಗೆ, ಚಾಪೆ ಮೂರನೇ ಸಾಲಿನ ತನಕ. ಸೂರ್ಯ ನೀರಿಂದ ಇಷ್ಟು ಮೇಲಿದ್ದಾನೆ ಅಂತ ನನಗೆ ಗೊತ್ತಾಯ್ತು. ಕಣ್ಣು ಮಂಜಾದ್ರೂ ಅಷ್ಟು ಗೊತ್ತಾಗುತ್ತಪ್ಪ, ನಲವತ್ತು ವರ್ಷ ನೋಡಿದೀನಿ." ಅವರು ಎರಡು ಬೆರಳು ಅಗಲಿಸಿ ತೋರಿಸಿದರು. "ತಿರುಗಿ ನಿನ್ನ ಗಡಿಯಾರ ನೋಡಿದೆ. ಏಳು ಗಂಟೆ ಎಂಟು ನಿಮಿಷ ಅಂತಿತ್ತು. ಲಾನ್ ಮಾಡಿದ್ದು, ತಪ್ಪಲ್ಲ, ನನ್ನ ಕಣ್ಣೇ ಹೋಗಿದೆ ಅಂದ್ಕೊಂಡೆ. ಕೂಗ್ದೆ."

ಮಜ್ಲಾನ್ ಆ ಚಪ್ಪಲಿಯನ್ನು ಎತ್ತಿಕೊಂಡು ಸೂಜಿ ಚುಚ್ಚತೊಡಗಿದ.

"ನಿನ್ನ ಹರಳಿನ ಬಿರುಕು ನೀನು ಹುಡುಕ್ದೆ. ಒಳ್ಳೇದಾಯ್ತು. ಹೊಸದು ಹಾಕ್ತೀಯ, ಸರಿಹೋಗುತ್ತೆ. ನಾನು ಕಂಡಿದ್ದನ್ನ ಬಿಟ್ಟು ಕೂಗಿದೆನಲ್ಲ, ಅದಕ್ಕೆ ಏನು ಹಾಕ್ತೀಯ?"

"ತೊಕ್, ಯಾರಾದ್ರೂ ಹಾಗೇ ಮಾಡ್ತಿದ್ರು."

"ಯಾರಾದ್ರೂ ಮಾಡೋದಾದ್ರೆ ಅಜ್ಹಾರೇ ಮಾಡ್ಲಿ" ಎಂದರು ತೊಕ್, ಸಿಟ್ಟಿಲ್ಲದೆ. "ಅವನ ಗಂಟಲು ನನಗಿಂತ ಚೆನ್ನಾಗಿದೆ."

ಹಬ್ಬದ ಬೆಳಿಗ್ಗೆ ಅಜ್ಹಾರನೇ ತಕ್ಬೀರ್ ಹೇಳಿದ. ತೊಕ್ ಹೊಸ ಅಂಗಿ ತೊಟ್ಟು ಕೊನೆಯ ಸಾಲಿನಲ್ಲಿ ಕೂತಿದ್ದರು. ಜನ ಬಂದು ಬಂದು ಅವರ ಕೈಗೆ ಮುತ್ತಿಟ್ಟು ಎಲ್ಲದಕ್ಕೂ ಕ್ಷಮೆ ಕೇಳಿದರು. ಅವರೂ ಎಲ್ಲದಕ್ಕೂ ಕ್ಷಮಿಸಿದರು. ಗೋಡೆಯ ಗಡಿಯಾರದಲ್ಲಿ ಹೊಸ ಹರಳಿತ್ತು. ಒಳತಾಳಕ್ಕೆ ಹಾರುವ ಸಾಲುಗಳನ್ನು ಮಜ್ಲಾನ್ ಪ್ರೋಗ್ರಾಮಿನಿಂದ ಅಳಿಸಿದ್ದ. ಹರಳು ನಿಂತರೆ ಇನ್ನು ಗಡಿಯಾರ ನಿಲ್ಲುತ್ತದೆ. ಹಾಗೆ ಮಾಡಿದ್ದನ್ನು ಅವನು ಯಾರಿಗೂ ಹೇಳಲಿಲ್ಲ. ಯಾರಿಗೆ ಹೇಳಬೇಕಿತ್ತೋ ಆ ತೊಕ್ ಗಡಿಯಾರ ನೋಡುವುದನ್ನು ಬಿಟ್ಟಿದ್ದರು.

ಹಬ್ಬ ಕಳೆದು ವಾರಕ್ಕೆ, ಆ ಒಂದು ದಿನದ ಉಪವಾಸ ತೀರಿಸಲು ಇಬ್ಬರೂ ಒಂದೇ ದಿನ ಹಿಡಿದರು. ಅದು ಮಜ್ಲಾನನ ಯೋಚನೆ. ಸಂಜೆ ತೊಕ್‌ರನ್ನು ಕರೆದುಕೊಂಡು ದೋಣಿಗಳನ್ನು ಎಳೆದಿಡುವ ಮರಳಿಗೆ ಹೋದ. ಒಂದು ಡಬ್ಬಿಯಲ್ಲಿ ಸಲ್ಬಿಯಾ ಖರ್ಜೂರ, ಬಿಸ್ಕತ್ತು ಹಾಕಿಕೊಟ್ಟಿದ್ದಳು. ಇಬ್ಬರೂ ಮಗುಚಿದ ದೋಣಿಯೊಂದಕ್ಕೊರಗಿ ಪಡುವಣಕ್ಕೆ ಮುಖಮಾಡಿ ಕೂತರು. ಸಮುದ್ರದ ಅಂಚಿನಲ್ಲಿ ಉದ್ದಕ್ಕೆ ಬೂದು ಮೋಡ ಕಟ್ಟಿತ್ತು. ಸೂರ್ಯ ಅದರ ಹಿಂದೆ ಹೋಗಿ ಆಗಲೇ ಬಹಳ ಹೊತ್ತಾಗಿತ್ತು.

ತೊಕ್‌ರ ತುಟಿ ಅಲುಗುತ್ತಿತ್ತು. ಕೂಗುವ ಮುಂಚೆ ಗಂಟಲು ಸರಿಮಾಡಿಕೊಳ್ಳುವವರ ಹಾಗೆ ಒಮ್ಮೆ ಕೆಮ್ಮಿದರು. ಕೂಗಲಿಲ್ಲ.

ಹಿಂದಿನಿಂದ, ತೆಂಗಿನ ಮರಗಳ ಆಚೆಯಿಂದ, ಸುರಾವ್‌ನ ಧ್ವನಿವರ್ಧಕದಲ್ಲಿ ಅಜ್ಹಾರನ ಆಜಾನ್ ಎದ್ದಿತು. ಒಳ್ಳೆಯ ಗಂಟಲು. ಹೊತ್ತೂ ಸರಿಯಾಗೇ ಇರಬೇಕು.

ಮಜ್ಲಾನ್ ಡಬ್ಬಿಯ ಮುಚ್ಚಳಕ್ಕೆ ಕೈಹಾಕಿದ. ತೊಕ್ ಕದಲಲಿಲ್ಲ. ಮಂಜುಗಣ್ಣುಗಳನ್ನು ಅಗಲಿಸಿ ನೀರಿನ ಕಡೆಗೇ ನೋಡುತ್ತಿದ್ದರು.

"ಮುಳುಗಿದನೇನೋ, ಲಾನ್?"

ಹೊತ್ತನ್ನು ಹೇಳುವುದು ಮಜ್ಲಾನನಿಗೆ ಕಷ್ಟವಿರಲಿಲ್ಲ. ಆದರೆ ತೊಕ್ ಕೇಳಿದ್ದು ಹೊತ್ತನ್ನಲ್ಲ. ಅವನು ಮೋಡವನ್ನು ನೋಡಿದ. ಕೆಳಗಿನ ಅಂಚಿನಲ್ಲಿ ಒಂದು ಕಡೆ ಬಣ್ಣವಿದ್ದಂತೆ ಕಂಡಿತು. ಮತ್ತೆ ನೋಡಿದರೆ ಇರಲಿಲ್ಲ.

"ಗೊತ್ತಾಗ್ತಿಲ್ಲ ತೊಕ್" ಎಂದ.

"ಹಾಗಿದ್ರೆ ಕಾಯೋಣ" ಎಂದರು ತೊಕ್.

ಆಜಾನ್ ಮುಗಿಯಿತು. ಊರಿನ ಕಡೆಯಿಂದ ತಟ್ಟೆಗಳ ಸದ್ದು ಕೇಳಿಬಂತು. ಡಬ್ಬಿ ಮಜ್ಲಾನನ ತೊಡೆಯ ಮೇಲೆ ಹಾಗೇ ಮುಚ್ಚಿತ್ತು.